ಒಂದೇ ಕಾಂಪೌಂಡು, ಎರಡು ಮಾಧ್ಯಮ: ಗಡಿ ಊರಿನ ಶಾಲೆಯಲ್ಲಿ ಜಗಳ ಕಡಿಮೆ ಮಾಡುವುದು ಹೇಗೆ

ಮೊದಲ ಕೆಲಸ ಇಷ್ಟೇ. ಒಂದು ನೋಟ್‌ಬುಕ್ ಹಿಡಿದು, ಮಧ್ಯಾಹ್ನದ ಬಿಡುವಿನಲ್ಲಿ ನೀರಿನ ನಲ್ಲಿ ಹತ್ತಿರ ನಿಂತುಕೊಳ್ಳಿ. ಮೂರು ದಿನ. ಯಾರಿಗೂ ಬೈಯಬೇಡಿ, ಬುದ್ಧಿ ಹೇಳಬೇಡಿ, ಸುಮ್ನೆ ನೋಡಿ. ಯಾರು ಮೊದಲು ಬರುತ್ತಾರೆ, ಯಾರು ಕಾಯುತ್ತಾರೆ, ಯಾವ ಶಾಲೆಯ ಗಂಟೆ ಮುಂಚೆ ಹೊಡೆಯುತ್ತದೆ, ತಳ್ಳಾಟ ಶುರುವಾದಾಗ ಯಾವ ಬೈಗುಳ ಬರುತ್ತದೆ, ಎಲ್ಲ ಬರೆದುಕೊಳ್ಳಿ.

ಬೆಳಗಾವಿ, ಖಾನಾಪುರ, ನಿಪ್ಪಾಣಿ ಕಡೆಯವರಿಗೆ ನಾನು ಏನು ಹೇಳುತ್ತಿದ್ದೇನೆ ಅಂತ ಗೊತ್ತಾಗಿರುತ್ತದೆ. ಒಂದೇ ಕಾಂಪೌಂಡಿನಲ್ಲಿ ಒಂದು ಕಡೆ ಕನ್ನಡ ಶಾಲೆ, ಇನ್ನೊಂದು ಕಡೆ ಮರಾಠಿ ಶಾಲೆ, ನಡುವೆ ಒಂದು ಮೈದಾನ. ನಾನು ಅಂಥದ್ದೊಂದು ಕಡೆ ಹಲವು ವರ್ಷ ಮಾಸ್ತರಿಕೆ ಮಾಡಿದವನು, ಕನ್ನಡದ ಬದಿಯಲ್ಲಿ. ನಮ್ಮಲ್ಲಿ ವಾರಕ್ಕೊಮ್ಮೆ ‘ಕನ್ನಡ-ಮರಾಠಿ ಜಗಳ’ ಆಗುತ್ತಿತ್ತು. ನಾವೂ ದೊಡ್ಡ ದೊಡ್ಡ ಮಾತಿನಲ್ಲಿ ಸಾಮರಸ್ಯದ ಭಾಷಣ ಮಾಡಿದ್ದೇ ಮಾಡಿದ್ದು. ಕೊನೆಗೆ ನೋಡಿದರೆ ಅದು ಗಂಟೆಯ ಜಗಳ. ಆ ಕಡೆಯ ಗಂಟೆ 1ಕ್ಕೆ, ನಮ್ಮದು 1:10ಕ್ಕೆ. ಮೂರು ನಲ್ಲಿಯಲ್ಲಿ ಎರಡು ಕೆಟ್ಟಿದ್ದವು. ನಮ್ಮ ಹುಡುಗರು ಬರುವ ಹೊತ್ತಿಗೆ ಟ್ಯಾಂಕಿನಲ್ಲಿ ನೀರು ಮುಗಿದಿರುತ್ತಿತ್ತು. ಹುಡುಗರಿಗೆ ಟ್ಯಾಂಕಿನ ಅಳತೆ ಎಲ್ಲಿ ಗೊತ್ತಾಗಬೇಕು? ‘ಅವರು ನಮ್ಮ ನೀರು ಖಾಲಿ ಮಾಡುತ್ತಾರೆ’ ಅನ್ನುವುದಷ್ಟೇ ಗೊತ್ತು. ನಲ್ಲಿ ರಿಪೇರಿ ಮಾಡಿಸಿ, ಗಂಟೆ ಒಂದೇ ಮಾಡಿದ ಮೇಲೆ ನಲ್ಲಿ ಹತ್ತಿರದ ಜಗಳ ಮುಕ್ಕಾಲು ಪಾಲು ನಿಂತಿತು. ಹಾಗಾಗಿ ಭಾಷಣಕ್ಕಿಂತ ಮುಂಚೆ ಪ್ಲಂಬರ್‌ನನ್ನು ಕರೆಸಿ.

ಇಡೀ ಗಡಿ ವಿವಾದವೇ ನಲ್ಲಿಯ ವಿಷಯ ಅಂತ ನಾನು ಹೇಳುತ್ತಿಲ್ಲ. 1956ರಲ್ಲಿ ಬೆಳಗಾವಿ ಮೈಸೂರು ರಾಜ್ಯಕ್ಕೆ ಸೇರಿದಾಗಿನಿಂದ ಇದು ಎಳೆದಾಡುತ್ತಲೇ ಇದೆ. 1967ರಲ್ಲಿ ಮಹಾಜನ್ ಆಯೋಗ ಬೆಳಗಾವಿ ಇಲ್ಲೇ ಇರಲಿ, 264 ಹಳ್ಳಿ ಆ ಕಡೆ ಹೋಗಲಿ, 247 ಹಳ್ಳಿ ಈ ಕಡೆ ಬರಲಿ ಅಂದಿತು. ಮಹಾರಾಷ್ಟ್ರ ಒಪ್ಪಲಿಲ್ಲ, 2004ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಮಕ್ಕಳು ಇದನ್ನೆಲ್ಲ ಮನೆಯಿಂದ, ಕಟ್ಟೆಯಿಂದ ಕೇಳಿಸಿಕೊಂಡೇ ಶಾಲೆಗೆ ಬರುತ್ತಾರೆ. ಅದನ್ನು ಶಾಲೆ ಬಗೆಹರಿಸಲು ಆಗುವುದಿಲ್ಲ. ಆದರೆ ದೆಹಲಿಯಲ್ಲಿ ನಡೆಯಬೇಕಾದ ಕೇಸು ನಮ್ಮ ನಲ್ಲಿ ಮುಂದೆ ನಡೆಯದ ಹಾಗೆ ನೋಡಿಕೊಳ್ಳಬಹುದು, ಅಲ್ವಾ?

ಮೊದಲು ದೊಡ್ಡವರು ಸರಿಯಾಗಬೇಕು

ನಿಮ್ಮ ಎರಡೂ ಶಾಲೆಯ ಶಿಕ್ಷಕರು ಮಧ್ಯಾಹ್ನದ ಚಹಾ ಎಲ್ಲಿ ಕುಡಿಯುತ್ತಾರೆ? ಬೇರೆ ಬೇರೆ ಕೋಣೆಯಲ್ಲಿ ಅಂತಾದರೆ ಮಕ್ಕಳಿಗೆ ನೀವು ಹೇಳುವ ಯಾವ ಮಾತೂ ನಾಟುವುದಿಲ್ಲ. ಕಿಟಕಿಯಿಂದ ಎಲ್ಲ ಕಾಣುತ್ತದೆ. ಹಾಗಾಗಿ ಚಹಾ ಒಟ್ಟಿಗೆ ಶುರು ಮಾಡಿ. ಮೊದಲ ವಾರ ಯಾರೂ ಮಾತಾಡುವುದಿಲ್ಲ. ಎರಡನೇ ವಾರ ಸಂಬಳದ ಬಿಲ್ಲು, ವರ್ಗಾವಣೆ, ಗಣತಿ ಡ್ಯೂಟಿ ಬಗ್ಗೆ ಗೊಣಗಾಟ ಶುರುವಾಗುತ್ತದೆ. ಇಲಾಖೆಯ ಮೇಲಿನ ಸಿಟ್ಟು ಎರಡೂ ಭಾಷೆಯವರಿಗೆ ಒಂದೇ. ಅಲ್ಲಿಂದ ಸ್ನೇಹ ಬೆಳೆಯುತ್ತದೆ, ನಂಬಿ.

ಎರಡು ಶಾಲೆ ಅಂದರೆ ಎರಡು ಎಸ್‌ಡಿಎಂಸಿ, ಅಂದರೆ ಪಾಲಕರ ಶಾಲಾಭಿವೃದ್ಧಿ ಸಮಿತಿ. ಎರಡನ್ನೂ ಒಂದು ಮಾಡುವ ಗೋಜಿಗೆ ಹೋಗಬೇಡಿ. ನಮ್ಮ ಶಾಲೆಯನ್ನು ನುಂಗಿಬಿಡುತ್ತಾರೆ ಅನ್ನುವ ಭಯ ಹುಟ್ಟುತ್ತದೆ. ಬದಲಿಗೆ ಎರಡೂ ಕಡೆಯಿಂದ ನಾಲ್ಕು ನಾಲ್ಕು ಪಾಲಕರು, ಇಬ್ಬರು ಹೆಡ್ ಮಾಸ್ತರು, ಅಡುಗೆಯವರಲ್ಲಿ ಒಬ್ಬರು ತಿಂಗಳಿಗೊಮ್ಮೆ ಕೂತುಕೊಳ್ಳಲಿ. ಅಡುಗೆಯವರನ್ನು ಮರೆಯಬೇಡಿ, ಯಾವ ಮಗು ಯಾರ ಜೊತೆ ಊಟಕ್ಕೆ ಕೂರುತ್ತದೆ ಅನ್ನುವುದು ಅವರಿಗೆ ಗೊತ್ತಿರುವಷ್ಟು ನಮಗೆ ಗೊತ್ತಿರುವುದಿಲ್ಲ. ಅಲ್ಲಿ ಮಾತಾಡಬೇಕಾದದ್ದು ನಲ್ಲಿ, ಶೌಚಾಲಯ, ಮೈದಾನ, ಗೇಟಿನ ಕೀಲಿ, ಮುಂದಿನ ತಿಂಗಳ ಹಬ್ಬ. ಗಡಿ ವಿಷಯ ಬಂದರೆ ‘ಅದು ಹೊರಗೆ’ ಅಂತ ಹೇಳಿಬಿಡಿ. ನಡಾವಳಿ ಎರಡೂ ಭಾಷೆಯಲ್ಲಿ ಬರೆಯಿರಿ, ಇಬ್ಬರೂ ಸಹಿ ಹಾಕಿ. ಊರಿನ ಪುಢಾರಿಗಳನ್ನು ‘ವಿಶೇಷ ಆಹ್ವಾನಿತರು’ ಅಂತ ಕರೆಯಬೇಡಿ. ಒಂದು ಕಡೆಯ ಪುಢಾರಿ ಬಂದರೆ ಮುಂದಿನ ಸಲ ಇನ್ನೊಂದು ಕಡೆಯವನೂ ಬರುತ್ತಾನೆ, ಆಮೇಲೆ ನಲ್ಲಿ ವಿಷಯ ಮಾತಾಡಲು ಜಾಗವೇ ಇರುವುದಿಲ್ಲ.

ಲೆಕ್ಕ ಸಮ ಇರಲಿ, ಕಣ್ಣಿಗೆ ಕಾಣುವ ಹಾಗೆ

ಶಾಲೆಯ ಬೋರ್ಡು ಒಂದು ಗೇಣು ಮೇಲೆ ಇದೆ ಅಂತ ಒಂದು ವರ್ಷ ಮುಖ ಮುರಿದುಕೊಂಡಿದ್ದ ಜನರನ್ನು ನಾನು ನೋಡಿದ್ದೇನೆ. ನಗಬೇಡಿ. ಎರಡೂ ಬೋರ್ಡು ಒಂದೇ ಅಳತೆ, ಒಂದೇ ಎತ್ತರ ಇರಲಿ. ಕಂಪ್ಯೂಟರ್ ಕೋಣೆ ಎಷ್ಟು ಹೊತ್ತು ಯಾರಿಗೆ, ಯಾರ ಕೋಣೆಯಲ್ಲಿ ಫ್ಯಾನ್ ತಿರುಗುತ್ತದೆ, ಯಾರ ಮಕ್ಕಳು ನೆಲದ ಮೇಲೆ ಕೂರುತ್ತಾರೆ, ಪಟ್ಟಿ ಮಾಡಿ. ಮೈದಾನವನ್ನು ಮಾತ್ರ ಅರ್ಧ ಅರ್ಧ ಹಂಚಬೇಡಿ. ಸುಣ್ಣದ ಗೆರೆ ಎಳೆದ ದಿನವೇ ಅದು ಗಡಿ ಆಗುತ್ತದೆ. ದಿನ ಹಂಚಿ: ಸೋಮವಾರ ಖೋ ಖೋ, ಮಂಗಳವಾರ ಕಬಡ್ಡಿ, ಎರಡೂ ಶಾಲೆಯ ಆರು-ಏಳನೇ ತರಗತಿಯವರು ಸೇರಿ. ತಂಡ ಮಾಡುವಾಗ ಒಂದು, ಎರಡು, ಒಂದು, ಎರಡು ಅಂತ ಎಣಿಸಿ ಬೇರೆ ಮಾಡಿ. ಕನ್ನಡ ತಂಡ, ಮರಾಠಿ ತಂಡ ಅಂತ ಪಂದ್ಯ ಇಡುವ ಬುದ್ಧಿವಂತಿಕೆ ದಯವಿಟ್ಟು ಬೇಡ.

ಇನ್ನೊಂದು ಮಾತು, ನಮ್ಮವರಿಗೇ. ಒಂದು ಶಾಲೆಯಲ್ಲಿ 200 ಮಕ್ಕಳು, ಇನ್ನೊಂದರಲ್ಲಿ 30 ಇದ್ದರೆ ಬೆಂಚು ಸಮ ಹಂಚಲು ಆಗುವುದಿಲ್ಲ, ಸರಿ. ಆದರೆ ಮಾತಿಗೆ ಸಮ ಜಾಗ ಕೊಡಬಹುದು. ಒಂದು ಊರಿನಲ್ಲಿ 30 ಮಕ್ಕಳ ಶಾಲೆ ಮರಾಠಿಯದ್ದಾದರೆ ಪಕ್ಕದ ಊರಿನಲ್ಲಿ ಅದು ಕನ್ನಡದ್ದು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಸುವ ಅನುಕೂಲ ಮಾಡಿಕೊಡಿ ಅಂತ ಸಂವಿಧಾನದ 350ಎ ವಿಧಿ ಹೇಳುತ್ತದೆ, 1956ರ ತಿದ್ದುಪಡಿಯಲ್ಲಿ ಬಂದದ್ದು. ಕಾಸರಗೋಡಿನ ಕನ್ನಡಿಗರು ಕೇಳುತ್ತಿರುವುದೂ ಅದನ್ನೇ. 2017ರಲ್ಲಿ ಕೇರಳ ಮಲಯಾಳಂ ಕಲಿಕೆ ಕಡ್ಡಾಯ ಮಾಡಿದಾಗ ಅವರು ಬೀದಿಗಿಳಿದರು, ನಾವು ಇಲ್ಲಿಂದ ಬೆಂಬಲ ಕೊಟ್ಟೆವು. ಕನ್ನಡ ಬಾರದ ಶಿಕ್ಷಕರನ್ನು ಅಲ್ಲಿನ ಕನ್ನಡ ತರಗತಿಗೆ ಹಾಕಿದ್ದಾರೆ ಅಂತ ಸುದ್ದಿ ಬಂದಾಗ ನಮಗೆಲ್ಲ ಸಿಟ್ಟು ಬಂತು. ಮರಾಠಿ ಬಾರದ ಅತಿಥಿ ಶಿಕ್ಷಕರು ಪಕ್ಕದ ಮರಾಠಿ ತರಗತಿಗೆ ಬಂದರೆ ನಮ್ಮ ಎಸ್‌ಡಿಎಂಸಿಯವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಜೊತೆಗೆ ಹೋಗಿ ಹೇಳಬೇಕು. ಒಂದು ಸಲ ಹಾಗೆ ಹೋಗಿ ನೋಡಿ, ಹತ್ತು ವರ್ಷದ ಅನುಮಾನ ಒಂದು ಮಧ್ಯಾಹ್ನದಲ್ಲಿ ಅರ್ಧ ಇಳಿಯುತ್ತದೆ.

ಒಟ್ಟಿಗೆ ಕೂರಿಸಿದರೆ ಸಾಲದು

ಇದು ನಾನು ತಪ್ಪು ಮಾಡಿ ಕಲಿತದ್ದು. ಬಿಸಿಯೂಟಕ್ಕೆ ಎಲ್ಲರನ್ನೂ ಕಲಸಿ ಕೂರಿಸಿದರೆ ಸ್ನೇಹ ತಾನಾಗಿ ಬರುತ್ತದೆ ಅಂದುಕೊಂಡಿದ್ದೆ. ಬಂದದ್ದು ಸಾಂಬಾರು ಎರಚಾಟ. ಆಮೇಲೆ ಓದಿದರೆ, 1954ರಲ್ಲೇ ಅಮೆರಿಕದ ಒಕ್ಲಹೋಮಾದಲ್ಲಿ ಇದೇ ಆಗಿತ್ತು. ಮುಜಫರ್ ಶೆರಿಫ್ ಅನ್ನುವ ಮನೋವಿಜ್ಞಾನಿ ಸುಮಾರು 11 ವರ್ಷದ 22 ಹುಡುಗರನ್ನು ಒಂದು ಶಿಬಿರಕ್ಕೆ ಕರೆದುಕೊಂಡು ಹೋಗಿ ಎರಡು ಗುಂಪು ಮಾಡಿದರು. ಪಂದ್ಯಗಳನ್ನಿಟ್ಟು ಬೇಕಂತಲೇ ಪೈಪೋಟಿ ಹಚ್ಚಿದರು (ಇವತ್ತು ಮಕ್ಕಳ ಮೇಲೆ ಅಂಥ ಪ್ರಯೋಗಕ್ಕೆ ಯಾರೂ ಒಪ್ಪಿಗೆ ಕೊಡಲಾರರು, ಕೊಡಲೂಬಾರದು). ಬಾವುಟ ಸುಟ್ಟುಕೊಳ್ಳುವವರೆಗೆ ಹೋಯಿತು. ಆಮೇಲೆ ಒಟ್ಟಿಗೆ ಊಟಕ್ಕೆ ಕೂರಿಸಿದರೆ ಅನ್ನದ ಬದಲು ಜಗಳವೇ ಬಡಿಸಿದಂತಾಯಿತು, ತಿಂಡಿ ಎಸೆದಾಡಿದರು. ಕೊನೆಗೆ ಕೆಲಸಕ್ಕೆ ಬಂದದ್ದು ಬೇರೆ. ಶಿಬಿರದ ನೀರು ನಿಂತುಹೋದಾಗ ಎಲ್ಲರೂ ಸೇರಿ ಎಲ್ಲಿ ಕಟ್ಟಿಕೊಂಡಿದೆ ಅಂತ ಹುಡುಕಬೇಕಾಯಿತು. ಕೆಟ್ಟು ನಿಂತ ಲಾರಿಯನ್ನು ಹಗ್ಗ ಹಾಕಿ ಎಲ್ಲರೂ ಸೇರಿ ಎಳೆಯಬೇಕಾಯಿತು. ಒಬ್ಬರಿಂದ ಆಗದ, ಇಬ್ಬರಿಗೂ ಬೇಕಾದ ಕೆಲಸ. ಗುಟ್ಟು ಅಲ್ಲಿದೆ.

ಅಂಥ ಕೆಲಸ ಶಾಲೆಯಲ್ಲಿ ಬೇಕಾದಷ್ಟು ಸಿಗುತ್ತವೆ. ಕೈತೋಟಕ್ಕೆ ನೀರು ಹೊರುವುದು, ಮಳೆಗಾಲಕ್ಕೆ ಮುಂಚೆ ಚರಂಡಿ ಬಿಡಿಸುವುದು, ಖೋ ಖೋ ಕಂಬ ನೆಡುವುದು. ನಮಗೆ ಎಲ್ಲಕ್ಕಿಂತ ಚೆನ್ನಾಗಿ ಕೈಹಿಡಿದದ್ದು ತುಂಡು ಪಾಠ. ಇದು ನಾನು ಇಟ್ಟ ಹೆಸರು. ಮೂಲ ಉಪಾಯ ಎಲಿಯಟ್ ಆರನ್ಸನ್ ಅವರದ್ದು. 1971ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಕರಿಯ, ಬಿಳಿಯ, ಮೆಕ್ಸಿಕನ್ ಮೂಲದ ಮಕ್ಕಳನ್ನು ಮೊದಲ ಸಲ ಒಂದೇ ತರಗತಿಗೆ ಹಾಕಿದಾಗ ಹೊಡೆದಾಟ ಶುರುವಾಗಿ, ಅದಕ್ಕೆ ಮದ್ದು ಅಂತ ಹುಡುಕಿದ್ದು. ನಾವು ಮಲಪ್ರಭೆಯನ್ನು ಇಟ್ಟುಕೊಂಡು ಮಾಡಿದ್ದು ಹೀಗೆ.

ಏಳನೇ ತರಗತಿಯ ಎರಡೂ ಕಡೆಯ ಮಕ್ಕಳನ್ನು ನಾಲ್ಕು ನಾಲ್ಕರ ಗುಂಪು ಮಾಡಿ, ಇಬ್ಬರು ಅಲ್ಲಿಯವರು, ಇಬ್ಬರು ಇಲ್ಲಿಯವರು. ನದಿಯನ್ನು ನಾಲ್ಕು ತುಂಡು ಮಾಡಿ: ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟು, ಸವದತ್ತಿ ಹತ್ತಿರ ನವಿಲುತೀರ್ಥದ ಅಣೆಕಟ್ಟು, ದಂಡೆಯ ಮೇಲಿನ ಪಟ್ಟದಕಲ್ಲು-ಐಹೊಳೆ, ಕೂಡಲಸಂಗಮದಲ್ಲಿ ಕೃಷ್ಣೆಗೆ ಸೇರುವುದು. ಒಬ್ಬೊಬ್ಬರಿಗೆ ಒಂದೊಂದು ಚೀಟಿ, ಅವರವರ ಭಾಷೆಯಲ್ಲಿ. ಒಂದೇ ತುಂಡು ಸಿಕ್ಕವರೆಲ್ಲ ಮೊದಲು ಒಂದು ಕಡೆ ಸೇರಿ ಅದನ್ನು ಚೆನ್ನಾಗಿ ತಿಳಿದುಕೊಳ್ಳಲಿ, ಆಮೇಲೆ ತಮ್ಮ ತಮ್ಮ ಗುಂಪಿಗೆ ಹೋಗಿ ಉಳಿದ ಮೂವರಿಗೆ ಕಲಿಸಲಿ. ಕೊನೆಗೆ ಪರೀಕ್ಷೆ ಇಡೀ ನದಿಯ ಮೇಲೆ. ಈಗ ನೋಡಿ ಮಜಾ. ಕಣಕುಂಬಿಯ ಚೀಟಿ ಮರಾಠಿ ಹುಡುಗಿಯ ಕೈಯಲ್ಲಿದ್ದರೆ, ಅವಳು ಹೇಳದೆ ಯಾರಿಗೂ ನದಿ ಹುಟ್ಟುವುದೇ ಇಲ್ಲ! ಮೊದಲ ದಿನ ‘ಸರ, ಆಕೆ ಹೇಳೋದು ತಿಳಿವಲ್ದು’ ಅಂತ ದೂರು ಬರುತ್ತದೆ. ನೀವು ಮಧ್ಯೆ ಹೋಗಿ ಅನುವಾದ ಮಾಡಬೇಡಿ. ‘ಇನ್ನೊಮ್ಮೆ ಕೇಳು, ಚಿತ್ರ ಬರೆದು ತೋರಿಸು ಅನ್ನು’ ಅಷ್ಟೇ ಹೇಳಿ. ಮೂರನೇ ಸಲಕ್ಕೆ ಕೈಬಾಯಿ ಸೇರಿಸಿ ಹೇಗೋ ದಾಟಿಸುತ್ತಾರೆ. ತಿಂಗಳಿಗೆ ಎರಡು ಪಾಠ ಹೀಗೆ ಮಾಡಿದರೂ ಸಾಕು.

ಭಾಷೆ

ಜಗಳ ಬೇಡ ಅಂತ ಎಲ್ಲರೂ ಇಂಗ್ಲಿಷ್ ಮಾತಾಡಿ ಅನ್ನುವವರಿದ್ದಾರೆ. ಅದು ಇಬ್ಬರ ಬಾಯನ್ನೂ ಕಟ್ಟುವ ಉಪಾಯ. ನಮ್ಮ ನಿಯಮ ಸರಳವಾಗಿತ್ತು: ನಿನ್ನದು ಮಾತಾಡು, ಅವರದ್ದು ಕೇಳಿಸಿಕೋ.

2015ರ ಕನ್ನಡ ಭಾಷಾ ಕಲಿಕೆ ಕಾನೂನಿನ ಪ್ರಕಾರ ಮರಾಠಿ ಮಾಧ್ಯಮದ ಮಕ್ಕಳೂ ಕನ್ನಡ ಕಲಿಯುತ್ತಾರೆ. ಅದು ಸರಿಯಾದದ್ದೇ, ಈ ರಾಜ್ಯದಲ್ಲಿ ಬದುಕಲು ಬೇಕು. ಆದರೆ ಕನ್ನಡ ಮಕ್ಕಳು ಮರಾಠಿ ಕಲಿಯಬೇಕಿಲ್ಲ. ಈ ಏಕಮುಖ ಸಂಚಾರ ಮಕ್ಕಳ ಕಣ್ಣಿಗೆ ಬೀಳುತ್ತದೆ. ವಾರಕ್ಕೊಮ್ಮೆ ಹದಿನೈದು ನಿಮಿಷ ಮರಾಠಿ ಮಕ್ಕಳೇ ನಮ್ಮವರಿಗೆ ಐದು ಮಾತು ಕಲಿಸಲಿ. ಆರನೇ ತರಗತಿಯಿಂದ ಹಿಂದಿ ಓದುವುದರಿಂದ ನಮ್ಮ ಮಕ್ಕಳಿಗೆ ಆ ಅಕ್ಷರ ಬರುತ್ತದೆ, ಹೊಸದು ಅಂದರೆ ಳ ಒಂದೇ. ಆ ಳ ಹಿಂದಿಯವರಿಗೆ ನಾಲಿಗೆ ಹೊರಳದ ಅಕ್ಷರ, ನಮಗೂ ಮರಾಠಿಯವರಿಗೂ ಮನೆಯದ್ದು. ಇದನ್ನು ಹೇಳಿದ ದಿನ ತರಗತಿಯಲ್ಲಿ ಎಲ್ಲರೂ ಬಾಳೆ, ಕೇಳೆ ಅಂತ ಕಿರುಚಿದ್ದೇ ಕಿರುಚಿದ್ದು (ಕೇಳೆ ಅಂದರೆ ಮರಾಠಿಯಲ್ಲಿ ಬಾಳೆಹಣ್ಣು). ನಮ್ಮ ತುಪ್ಪ ಅವರಲ್ಲಿ ತೂಪ್, ಅಡಿಕೆ ಕತ್ತರಿಸುವ ಅಡಕತ್ತು ಅವರಲ್ಲಿ ಅಡಕಿತ್ತಾ, ಅವರ ಖೋಲಿ ನಮ್ಮ ಕಡೆಯ ಮನೆಗಳಲ್ಲೂ ಖೋಲಿಯೇ. ಇಂಥ ಪದಗಳನ್ನು ಮನೆಯಲ್ಲಿ ಅಜ್ಜಿಯನ್ನು ಕೇಳಿ ಬರೆದುಕೊಂಡು ಬನ್ನಿ ಅಂತ ಹೋಂವರ್ಕ್ ಕೊಡಿ.

ದೊಡ್ಡ ತರಗತಿಗೆ ಶ್ರವಣಬೆಳಗೊಳದ ಗೊಮ್ಮಟನ ಕಾಲ ಬಳಿಯ ಶಾಸನ ತೋರಿಸಿ. ‘ಶ್ರೀ ಚಾಮುಂಡರಾಜಂ ಮಾಡಿಸಿದಂ’ ಅಂತ ಕನ್ನಡದಲ್ಲಿದೆ, ಅದೇ ಮಾತು ತಮಿಳಿನಲ್ಲೂ ಇದೆ, ‘ಶ್ರೀ ಚಾವುಂಡರಾಜೇಂ ಕರವಿಯಲೇಂ’ ಅಂತ ಮರಾಠಿಯಲ್ಲೂ ಇದೆ. ಮರಾಠಿಯ ತೀರಾ ಹಳೆಯ ಶಾಸನಗಳಲ್ಲಿ ಅದೂ ಒಂದು. ಫೋಟೋ ಗೋಡೆಗೆ ಅಂಟಿಸಿ, ಅದರ ಮೇಲೆ ಭಾಷಣ ಬೇಡ.

ಒಂದು ಎಚ್ಚರಿಕೆ. ಎರಡೂ ಭಾಷೆ ಬರುವ ಮಗುವನ್ನು ಬೈಯಲು ದುಭಾಷಿ ಮಾಡಿಕೊಳ್ಳಬೇಡಿ. ‘ಅವನಿಗೆ ಹೇಳು, ಇನ್ನೊಮ್ಮೆ ಮಾಡಿದರೆ ಟಿಸಿ ಕೊಡುತ್ತೇನೆ ಅಂತ’ ಅಂದರೆ ಹೇಳಿದವನು ಆ ಮಗು ಆಗಿಬಿಡುತ್ತಾನೆ, ಸಂಜೆ ಗೇಟಿನ ಹೊರಗೆ ಏಟು ತಿನ್ನುವವನೂ ಅವನೇ.

ನವೆಂಬರ್ 1 ಮತ್ತು ಅಂಥ ದಿನಗಳು

ಒಂದೇ ದಿನ ನಮಗೆ ರಾಜ್ಯೋತ್ಸವ, ಮಹಾರಾಷ್ಟ್ರ ಏಕೀಕರಣ ಸಮಿತಿಯವರಿಗೆ ಕರಾಳ ದಿನ. ಅದರ ತಯಾರಿ ಅಕ್ಟೋಬರ್ ಎರಡನೇ ವಾರದಲ್ಲೇ ಶುರುವಾಗಲಿ. ಕಾರ್ಯಕ್ರಮ ಮಾಡಬೇಕೋ ಬೇಡವೋ ಅನ್ನುವುದು ಚರ್ಚೆಯ ವಿಷಯವಲ್ಲ, ಸರ್ಕಾರಿ ಶಾಲೆ, ಮಾಡಲೇಬೇಕು. ಹೇಗೆ ಮಾಡುವುದು ಅನ್ನುವುದು ನಮ್ಮ ಕೈಯಲ್ಲಿದೆ. ಮರಾಠಿ ಮಗುವನ್ನು ಮೈಕ್ ಮುಂದೆ ನಿಲ್ಲಿಸಿ ‘ಕನ್ನಡ ಅಭಿಮಾನ’ದ ಪರೀಕ್ಷೆ ಮಾಡಬೇಡಿ. ತಾನಾಗಿ ಹಾಡಲು ಬಂದರೆ ಚಪ್ಪಾಳೆ ಹೊಡೆಯಿರಿ. ಹೊರಗಿನವರ ಭಾಷಣ ಬೇಡ, ಮಕ್ಕಳೇ ತಮ್ಮ ಊರಿನ ಬಗ್ಗೆ ಮಾತಾಡಲಿ. ಆ ಕಡೆಯ ಶಿಕ್ಷಕರಿಗೂ ಒಂದು ಮಾತು: ತೋಳಿನ ಕಪ್ಪು ಪಟ್ಟಿ ಗೇಟಿನ ಹೊರಗೆ ಇರಲಿ. ಶಿವಾಜಿ ಜಯಂತಿಗೂ ಸಂಗೊಳ್ಳಿ ರಾಯಣ್ಣನ ದಿನಕ್ಕೂ ವೇದಿಕೆ ಒಂದೇ, ಕುರ್ಚಿ ಅಷ್ಟೇ, ಚಾಕೊಲೇಟೂ ಅಷ್ಟೇ. ಚಾಕೊಲೇಟ್ ಎಣಿಸುವುದರಲ್ಲಿ ಮಕ್ಕಳು ಆಡಿಟರ್‌ಗಳಿಗಿಂತ ಜೋರು.

ಕ್ಯಾಲೆಂಡರಿನಲ್ಲಿ ಇಲ್ಲದ ದಿನಗಳೂ ಬರುತ್ತವೆ. 2021ರ ಡಿಸೆಂಬರಿನಲ್ಲಿ ಬೆಂಗಳೂರಿನಲ್ಲಿ ಶಿವಾಜಿ ಪ್ರತಿಮೆಗೆ ಮಸಿ ಬಳಿದರು, ಬೆಳಗಾವಿಯಲ್ಲಿ ರಾಯಣ್ಣನ ಪ್ರತಿಮೆಗೆ ಹಾನಿ ಮಾಡಿದರು. 2025ರ ಫೆಬ್ರವರಿಯಲ್ಲಿ ಭಾಷೆ ವಿಷಯಕ್ಕೆ ಬಸ್ ಕಂಡಕ್ಟರ್ ಮೇಲೆ ಹಲ್ಲೆ ಆಗಿ ಎರಡು ರಾಜ್ಯಗಳ ನಡುವೆ ಬಸ್ಸೇ ನಿಂತವು. ಅಂಥ ದಿನಕ್ಕೆ ಮೊದಲೇ ಮಾತಾಡಿ ಇಟ್ಟುಕೊಳ್ಳಿ. ಇಬ್ಬರು ಹೆಡ್ ಮಾಸ್ತರು ಬೆಳಿಗ್ಗೆ ಏಳಕ್ಕೇ ಫೋನಿನಲ್ಲಿ ಮಾತಾಡಬೇಕು. ಶಾಲೆ ಇದೆಯೋ ಇಲ್ಲವೋ ಅನ್ನುವ ಸಂದೇಶ ಎರಡೂ ವಾಟ್ಸಾಪ್ ಗುಂಪಿಗೆ ಒಂದೇ ಹೊತ್ತಿಗೆ, ಎರಡೂ ಭಾಷೆಯಲ್ಲಿ, ಇಬ್ಬರ ಹೆಸರಿನಲ್ಲಿ ಹೋಗಬೇಕು. ಆ ದಿನ ಗುಂಪಿನಲ್ಲಿ ಬೇರೆಯವರು ವಿಡಿಯೋ ಹಾಕದ ಹಾಗೆ ಲಾಕ್ ಮಾಡಿ. ದೂರದಿಂದ ಬಸ್ಸಿನಲ್ಲಿ ಬರುವ ಮಕ್ಕಳನ್ನು ಒಬ್ಬೊಬ್ಬರನ್ನೇ ಕಳಿಸಬೇಡಿ, ಒಬ್ಬ ಶಿಕ್ಷಕರು ಸ್ಟಾಪಿನವರೆಗೆ ಹೋಗಲಿ.

ಏಟು ಬಿದ್ದ ಮೇಲೆ

ಎಷ್ಟು ಮಾಡಿದರೂ ಒಂದಲ್ಲ ಒಂದು ದಿನ ಹೊಡೆದಾಟ ಆಗುತ್ತದೆ. ಮೊದಲು ಬಿಡಿಸಿ, ಗಾಯ ತೊಳೆಯಿರಿ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ಅವರವರ ಭಾಷೆಯಲ್ಲಿ ಕೇಳಿ, ಆದರೆ ಕೇಳುವಾಗ ಎರಡೂ ಕಡೆಯ ಶಿಕ್ಷಕರು ಕೂತಿರಲಿ. ರಿಜಿಸ್ಟರಿನಲ್ಲಿ ‘ಮರಾಠಿ ಹುಡುಗರು ಹೊಡೆದರು’ ಅಂತ ಬರೆಯಬೇಡಿ, ಹೊಡೆದವರ ಹೆಸರು ಬರೆಯಿರಿ. ಎಷ್ಟೋ ಸಲ ಒಳಗೆ ಹೋಗಿ ನೋಡಿದರೆ ಅದು ಕದ್ದ ಜಾಮಿಟ್ರಿ ಬಾಕ್ಸಿನ ಜಗಳ, ಭಾಷೆ ಆಮೇಲೆ ಬಂದು ಸೇರಿಕೊಂಡದ್ದು. ಆದರೆ ಭಾಷೆ ಹಿಡಿದು ಅಡ್ಡಹೆಸರು ಕರೆದದ್ದು ನಿಜವಾದರೆ ‘ಮಕ್ಕಳಾಟ’ ಅಂತ ತೇಲಿಸಿಬಿಡಬೇಡಿ. ಅದಕ್ಕೆ ಎರಡೂ ಶಾಲೆಯಲ್ಲಿ ಒಂದೇ ಶಿಕ್ಷೆ ಇರಲಿ, ಮೊದಲೇ ಗೋಡೆಗೆ ಬರೆದು ಹಾಕಿರಲಿ. ಸುದ್ದಿ ಮನೆ ಮುಟ್ಟುವ ಮುಂಚೆ ನೀವು ಪಾಲಕರಿಗೆ ಫೋನ್ ಮಾಡಿ. ಕೈ ಕುಲುಕಿಸಿ ಫೋಟೋ ತೆಗೆಯುವ ನಾಟಕ ಮಾತ್ರ ಬೇಡ, ಮುರಿದ ಕಿಟಕಿಯ ಗಾಜು ಗುಡಿಸಿ ಹೊಸ ಗಾಜು ಹಾಕುವಾಗ ಇಬ್ಬರೂ ಹಿಡಿದುಕೊಂಡು ನಿಲ್ಲಲಿ.

ಗೋಡೆ ಕಟ್ಟಿಬಿಡೋಣ ಅಂದಾಗ

ದೊಡ್ಡ ಜಗಳದ ನಂತರದ ಸಭೆಯಲ್ಲಿ ಯಾರಾದರೂ ಈ ಮಾತು ಹೇಳೇ ಹೇಳುತ್ತಾರೆ. ನಡುವೆ ಒಂದು ಗೋಡೆ, ಬೇರೆ ಗೇಟು, ಬೇರೆ ಹೊತ್ತು. ಸದ್ಯಕ್ಕೆ, ಆಮೇಲೆ ನೋಡೋಣ. ಆಗ ಯುರೋಪಿನ ಬೋಸ್ನಿಯಾ ದೇಶದ ಕಥೆ ಹೇಳಿ. 1992ರಿಂದ 95ರವರೆಗಿನ ಯುದ್ಧದ ನಂತರ ಅಲ್ಲಿ ಬೋಸ್ನಿಯಾಕ್ (ಅಲ್ಲಿನ ಮುಸ್ಲಿಮರು) ಮತ್ತು ಕ್ರೋವಾಟ್ ಸಮುದಾಯದ ಮಕ್ಕಳಿಗೆ ‘ಒಂದೇ ಸೂರಿನಡಿ ಎರಡು ಶಾಲೆ’ ಅಂತ ಮಾಡಿದರು. ಒಂದೇ ಕಟ್ಟಡ, ಕೆಲವು ಕಡೆ ಎರಡು ಬಾಗಿಲು, ಕೆಲವು ಕಡೆ ಎರಡು ಪಾಳಿ, ಬೇರೆ ಪಠ್ಯ. ಊರು ಬಿಟ್ಟು ಹೋದವರ ಮಕ್ಕಳು ವಾಪಸ್ ಬರಲಿ ಅಂತ ತಾತ್ಕಾಲಿಕವಾಗಿ ಮಾಡಿದ್ದು. ಅಂಥ ಶಾಲೆಗಳು 50ಕ್ಕಿಂತ ಜಾಸ್ತಿ ಆದವು, ಇಪ್ಪತ್ತು ವರ್ಷ ಆದರೂ ಹೋಗಲಿಲ್ಲ. ಮೋಸ್ಟಾರ್ ಊರಿನ ಹಳೆಯ ಜಿಮ್ನೇಷಿಯಂ (ಅಲ್ಲಿ ಹೈಸ್ಕೂಲಿಗೆ ಹಾಗನ್ನುತ್ತಾರೆ) ಶಾಲೆಯಲ್ಲಿ 2004ರಲ್ಲಿ ಆಡಳಿತ ಒಂದು ಮಾಡಿದರು. ಪಾಠ ಇನ್ನೂ ಬೇರೆಯೇ, ಆದರೆ ಕಂಪ್ಯೂಟರ್ ಲ್ಯಾಬ್ ಒಂದೇ, ವಿದ್ಯಾರ್ಥಿ ಸಂಘ ಒಂದೇ. ಯಾಯ್ತ್ಸೆ ಅನ್ನುವ ಊರಿನಲ್ಲಂತೂ 2016-17ರಲ್ಲಿ ಹೊಸದಾಗಿ ಬೇರೆ ಶಾಲೆ ಮಾಡಲು ಹೊರಟಾಗ ಎರಡೂ ಕಡೆಯ ಹೈಸ್ಕೂಲ್ ಮಕ್ಕಳೇ ಬೀದಿಗೆ ಬಂದು ಬೇಡ ಅಂದರು, ಯೋಜನೆ ನಿಂತಿತು. 2018ರಲ್ಲಿ ಆ ಮಕ್ಕಳಿಗೆ ಅಲ್ಪಸಂಖ್ಯಾತರ ಪರವಾದ ಕೆಲಸಕ್ಕೆ ಕೊಡುವ ಮ್ಯಾಕ್ಸ್ ವಾನ್ ಡೆರ್ ಸ್ಟೂಲ್ ಪ್ರಶಸ್ತಿ ಸಿಕ್ಕಿತು.

ಇಷ್ಟೆಲ್ಲ ಹೇಳಿದ ಮೇಲೂ ಗೋಡೆ ಮಂಜೂರಾದರೆ? ನಮ್ಮಲ್ಲಿ ಹಾಗೇ ಆಯಿತು. ಆಗ ಗೋಡೆಯ ನಡುವೆ ಒಂದು ಗೇಟು ಕೇಳಿ. ಗುತ್ತಿಗೆದಾರರು ಚಿಕ್ಕದು ಇಟ್ಟುಬಿಡುತ್ತಾರೆ, ನಿಂತು ಮಾಡಿಸಿ. ಅಡುಗೆಮನೆ ಒಂದೇ ಇದ್ದರೆ, ಬಿಸಿಯೂಟದ ದೊಡ್ಡ ಪಾತ್ರೆಯನ್ನು ಇಬ್ಬರು ಹೆಂಗಸರು ಎರಡೂ ಬದಿ ಹಿಡಿದುಕೊಂಡು ದಾಟುವಷ್ಟು ಅಗಲ ಬೇಕು, ಐದು ಅಡಿ ಇದ್ದರೆ ಒಳ್ಳೆಯದು. ಕೀಲಿ ಎರಡು ಮಾಡಿಸಿ, ಒಬ್ಬೊಬ್ಬ ಹೆಡ್ ಮಾಸ್ತರ ಹತ್ತಿರ ಒಂದೊಂದು ಇರಲಿ. ನಮ್ಮ ಗೇಟಿನ ಚಿಲಕ ಎರಡನೇ ಮಳೆಗಾಲಕ್ಕೆ ತುಕ್ಕು ಹಿಡಿದು ಬಿತ್ತು. ಅದನ್ನು ರಿಪೇರಿ ಮಾಡಿಸುವ ವಿಷಯ ಜಂಟಿ ಸಭೆಯ ನಡಾವಳಿಯಲ್ಲಿ ನಾಲ್ಕು ಸಲ ಬಂತು, ನಾಲ್ಕು ಸಲವೂ ಇಬ್ಬರೂ ಸಹಿ ಹಾಕಿ ಮುಂದಿನ ತಿಂಗಳಿಗೆ ಹಾಕಿದೆವು.